ಊರಿನ ಹೆಸರು ಹೊತ್ತ ದ್ರಾಕ್ಷಿ

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಮಾಘಮಾಸದ ಆಗಮನವನ್ನು ತಿಳಿಯಲು ಪಂಚಾಂಗವನ್ನೇ ನೋಡಬೇಕೆಂಬ ನಿಯಮವಿಲ್ಲ. ಮಾರುಕಟ್ಟೆಯ ಸುತ್ತಿನ ತಳ್ಳುಗಾಡಿಗಳ ಮೇಲೆ ಕಪ್ಪು ದ್ರಾಕ್ಷಿಯ ರಾಶಿ ಏರತೊಡಗಿದರೆ ಸಾಕು; ಚಳಿ ಹಿಂದೆಗೆಯುತ್ತಿದೆ, ಶಿವರಾತ್ರಿ ಹತ್ತಿರವಾಗುತ್ತಿದೆ ಎಂದು ಗೃಹಿಣಿಯರು ಲೆಕ್ಕ ಹಾಕುತ್ತಾರೆ. ಹತ್ತಿರ ಹೋಗಿ ನೋಡಿದರೆ ಆ ಹಣ್ಣು ಕಪ್ಪೂ ಅಲ್ಲ, ನೀಲಿಯೂ ಅಲ್ಲ. ಎರಡರ ನಡುವಣ ಗಾಢವಾದ ನೇರಿಳೆ. ಅದರ ಮೇಲೆ ವಿಭೂತಿ ಬಳಿದಂತೆ ತೆಳುವಾದ ಬೂದಿಬಣ್ಣದ ಲೇಪ. ಬೆರಳು ತಗುಲಿದರೆ ಅಳಿಸಿಹೋಗುವಷ್ಟು ನವಿರು.

ಇದನ್ನು ತಿನ್ನುವ ಕ್ರಮವೂ ಬೇರೆ. ಬೀಜವಿಲ್ಲದ ಹಸಿರು ದ್ರಾಕ್ಷಿಯಂತೆ ಇದನ್ನು ಹಲ್ಲಿನಿಂದ ಕಚ್ಚುವುದಿಲ್ಲ. ತುಟಿಗಳ ನಡುವೆ ಹಿಡಿದು ಮೆಲ್ಲನೆ ಒತ್ತಿದರೆ ಒಳಗಿನ ತಿರುಳು ಸಿಪ್ಪೆಯಿಂದ ಜಾರಿ ನಾಲಗೆಯ ಮೇಲೆ ಬೀಳುತ್ತದೆ. ತಿರುಳು ಹುಳಿ, ಸಿಪ್ಪೆಯ ಒಳಮೈಗೆ ಅಂಟಿದ ರಸ ಸಿಹಿ. ಸಿಪ್ಪೆಯನ್ನು ಚೀಪಿ ಉಗುಳುವುದೋ ಅಗಿದು ನುಂಗುವುದೋ ಎಂಬುದರ ಬಗ್ಗೆ ಮನೆಮನೆಗಳಲ್ಲಿ ಭಿನ್ನಾಭಿಪ್ರಾಯವುಂಟು. ಬೀಜ ನುಂಗಿದರೆ ಹೊಟ್ಟೆಯಲ್ಲಿ ಬಳ್ಳಿ ಹಬ್ಬುತ್ತದೆಂದು ಹೆದರದ ಮಕ್ಕಳು ಬೆಂಗಳೂರಿನಲ್ಲಿ ವಿರಳ.

ಈ ಹಣ್ಣಿನ ಹೆಸರೇ ‘ಬೆಂಗಳೂರು ನೀಲಿ’. ಸುಮಾರು ಒಂದೂವರೆ ಶತಮಾನದಿಂದ ಈ ಸೀಮೆಯಲ್ಲಿ ಬೆಳೆಯುತ್ತಿರುವ ತಳಿಯೆಂದು ಇದನ್ನು ಹೇಳುವುದುಂಟು. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಂಜನಗೂಡಿನ ರಸಬಾಳೆ, ಕೊಡಗಿನ ಕಿತ್ತಳೆ, ದೇವನಹಳ್ಳಿಯ ಚಕ್ಕೋತಗಳಂತೆ ಇದೂ ತನ್ನ ಊರಿನ ಹೆಸರನ್ನು ಶಾಸನೋಕ್ತವಾಗಿ ಧರಿಸಿದ ಹಣ್ಣು. ಆದರೆ ಕುತೂಹಲಿಯಾದ ಪ್ರವಾಸಿಯೊಬ್ಬನು ಬೆಂಗಳೂರಿನೊಳಗೆ ಇದರ ಬಳ್ಳಿಯನ್ನು ಹುಡುಕುತ್ತ ಹೊರಟರೆ ಬೇಗನೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಹೆಸರು ಊರಿನಲ್ಲಿದೆ, ಬಳ್ಳಿ ಊರಾಚೆ ಹೋಗಿದೆ.

ಹಳ್ಳಿಗಳು ಅಕ್ಷರಗಳಾದ ಬಗೆ

ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾದಾಗ ಅದರ ಸುತ್ತಮುತ್ತ ಹೊಲಗದ್ದೆ, ತೋಟ, ಕೆರೆಗಳೇ ಇದ್ದವು. ಬೈರಸಂದ್ರ, ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ಕದಿರೇನಹಳ್ಳಿ, ಪುಟ್ಟೇನಹಳ್ಳಿ—ಇವೆಲ್ಲ ತಮ್ಮ ತಮ್ಮ ಗ್ರಾಮದೇವತೆಗಳನ್ನು ನೆಚ್ಚಿ ಬಾಳುತ್ತಿದ್ದ ಹಳ್ಳಿಗಳು. ಬಡಾವಣೆ ಬಂದಂತೆ ಹೊಲಗಳು ನಿವೇಶನಗಳಾದವು. ಹಳ್ಳಿಯ ಹೆಸರುಗಳು ಬಸ್ಸಿನ ಹಲಗೆಯ ಮೇಲೂ ಗುಡಿಯ ಕಮಾನಿನ ಮೇಲೂ ಉಳಿದುಕೊಂಡವು. ‘ಬಿಟಿಎಂ ಬಡಾವಣೆ’ ಎಂದು ದಿನವೂ ಉಚ್ಚರಿಸುವವರಲ್ಲಿ ಎಷ್ಟು ಮಂದಿಗೆ ಆ ಮೂರು ಇಂಗ್ಲಿಷ್ ಅಕ್ಷರಗಳೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಮುದುಡಿ ಕುಳಿತಿವೆಯೆಂಬುದು ತಿಳಿದಿದೆ?

ಆದರೂ ದ್ರಾಕ್ಷಿಗೂ ದಕ್ಷಿಣ ಬೆಂಗಳೂರಿಗೂ ಇರುವ ನಂಟು ಪೂರ್ತಿ ಕಡಿದಿಲ್ಲ. ಅದರ ಗುರುತು ಜಯನಗರದ ಹೊಸ್ತಿಲಲ್ಲೇ, 1760ರಲ್ಲಿ ಹೈದರಾಲಿ ನೆಡಿಸಲಾರಂಭಿಸಿದ ಲಾಲ್‌ಬಾಗಿನಲ್ಲಿದೆ. ಹಾಪ್‌ಕಾಮ್ಸ್ ಎಂಬ ಹಸಿರು ಮಳಿಗೆಗಳು ಬೆಂಗಳೂರಿಗರಿಗೆ ಚಿರಪರಿಚಿತ. ಆದರೆ ಲಾಲ್‌ಬಾಗಿನಲ್ಲಿ ತನ್ನ ಮುಖ್ಯ ಕಚೇರಿಯನ್ನು ಹೊಂದಿರುವ ಆ ಸಂಸ್ಥೆ 1959ರಲ್ಲಿ ಹುಟ್ಟಿದ್ದು ದ್ರಾಕ್ಷಿಗಾಗಿ ಎಂಬ ಸಂಗತಿ ಅನೇಕರಿಗೆ ಹೊಸದು. ಅದರ ಮೊದಲ ಹೆಸರು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ. ತೋಟಗಾರಿಕೆ ಇಲಾಖೆಯನ್ನು ಕಟ್ಟಿ ಬೆಳೆಸಿದ ಡಾ. ಎಂ. ಎಚ್. ಮರಿಗೌಡರ ಮುಂದಾಳುತನದಲ್ಲಿ ಅದು ರೂಪುಗೊಂಡಿತು. ಕೊಯ್ದ ಎರಡು ಮೂರು ದಿನಗಳಲ್ಲಿ ಮಾರಿಹೋಗದಿದ್ದರೆ ದ್ರಾಕ್ಷಿ ಉದುರುತ್ತದೆ, ಕೊಳೆಯುತ್ತದೆ. ಈ ಅವಸರವನ್ನು ಬಲ್ಲ ದಲ್ಲಾಳಿ ಹೇಳಿದ ಬೆಲೆಗೆ ರೈತ ತಲೆಬಾಗಬೇಕಾಗುತ್ತದೆ. ಬೆಳೆಗಾರನನ್ನೂ ತಿನ್ನುವವನನ್ನೂ ನೇರವಾಗಿ ಕೂಡಿಸುವ ಸಹಕಾರದ ಯೋಚನೆ ಹುಟ್ಟಿದ್ದು ಈ ಕಷ್ಟದಿಂದ. ತರಕಾರಿಗಳೂ ಇತರ ಹಣ್ಣುಗಳೂ ಅದರೊಳಗೆ ಬಂದು ಸೇರಿದ್ದು ಆಮೇಲೆ. ವರ್ಷಾರಂಭದ ತಿಂಗಳುಗಳಲ್ಲಿ ಆ ಸಂಸ್ಥೆ ದ್ರಾಕ್ಷಿ ಮತ್ತು ಕಲ್ಲಂಗಡಿಗಳ ಮೇಳ ನಡೆಸುವ ವಾಡಿಕೆಯಲ್ಲಿ ಈ ಹಳೆಯ ನಂಟಿನ ನೆನಪು ಇನ್ನೂ ಉಸಿರಾಡುತ್ತಿದೆ.

ಕಲ್ಲುಕಂಬದ ಚಪ್ಪರ

ಬಳ್ಳಿಯನ್ನೇ ಕಾಣಬೇಕಾದರೆ ಲಾಲ್‌ಬಾಗನ್ನು ಹಿಂದಿಟ್ಟು ಉತ್ತರಕ್ಕೆ ನಡೆಯಬೇಕು. ಹೆಬ್ಬಾಳ, ಯಲಹಂಕಗಳನ್ನು ದಾಟಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆಗೆ, ಜಯನಗರದಿಂದ ಅರವತ್ತು ಕಿಲೋಮೀಟರಿಗೂ ಮಿಕ್ಕ ಹಾದಿ. ದೂರದಲ್ಲಿ ನಂದಿಬೆಟ್ಟ ತನ್ನ 1,478 ಮೀಟರ್ ಎತ್ತರದ ನೆತ್ತಿಯನ್ನು ಮಂಜಿನಲ್ಲಿ ಹುದುಗಿಸಿ ಮಲಗಿದ ಬಸವನಂತೆ ತೋರುತ್ತದೆ. ಬೆಟ್ಟದ ಬುಡದ ನಂದಿಗ್ರಾಮದಲ್ಲಿ ಭೋಗನಂದೀಶ್ವರನ ಪ್ರಾಚೀನ ದೇಗುಲ. ಅದರ ಸುತ್ತಿನ ಕೆಂಪು ಭೂಮಿಯಲ್ಲಿ, ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ನಡುವೆ, ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ.

ಚಪ್ಪರವೆಂದರೆ ಮದುವೆಯ ಚಪ್ಪರವನ್ನೇ ನೆನೆಯಬಹುದು. ಸಾಲುಸಾಲಾಗಿ ನೆಟ್ಟ ಕಗ್ಗಲ್ಲಿನ ಕಂಬಗಳು. ಅವುಗಳ ತಲೆಯಿಂದ ತಲೆಗೆ ಬಿಗಿದ ತಂತಿಯ ಜಾಲ. ಜಾಲದ ಮೇಲೆ ಬಳ್ಳಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಹಸಿರು ಬಣ್ಣದ ತಂಪು. ತಲೆಯ ಮಟ್ಟದಲ್ಲೇ ಗೊಂಚಲುಗಳು ತೂಗುವುದರಿಂದ ಎತ್ತರದವರು ಬಗ್ಗಿ ನಡೆಯಬೇಕು. “ಬನ್ನಿ ಸ್ವಾಮಿ, ತಿಂದು ನೋಡಿ” ಎಂದು ಗೊಂಚಲೊಂದನ್ನು ಕತ್ತರಿಸಿ ಕೈಗಿಡುವುದು ಈ ಸೀಮೆಯ ತೋಟದ ಯಜಮಾನರ ರೂಢಿ. ಕೊಳ್ಳದೆ ಹೋದರೂ ಬೇಸರವಿಲ್ಲ. ತಿನ್ನದೆ ಹೋದರೆ ಬೇಸರ.

ಶೀತದೇಶಗಳಲ್ಲಿ ದ್ರಾಕ್ಷಿಯ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ, ವರ್ಷಕ್ಕೊಂದೇ ಫಸಲು. ಬೆಂಗಳೂರಿನ ಹದವಾದ ಹವೆಯಲ್ಲಿ ಅದಕ್ಕೆ ನಿದ್ರೆಯಿಲ್ಲ. ರೈತ ಕತ್ತರಿಯಿಂದ ಬಳ್ಳಿಯನ್ನು ಸವರಿದಾಗಲೇ ಅದಕ್ಕೆ ಹೊಸ ವರ್ಷ. ಸವರಿದ ಕೆಲವು ದಿನಗಳಲ್ಲಿ ಮೊಗ್ಗೊಡೆದು, ಚಿಗುರು ಹಬ್ಬಿ, ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಹಣ್ಣು ಕಳಿತು ನಿಲ್ಲುತ್ತದೆ. ಒಬ್ಬ ರೈತ ಈ ತಿಂಗಳು ಸವರಿದರೆ ಪಕ್ಕದವನು ಮುಂದಿನ ತಿಂಗಳು ಸವರಬಹುದು. ಹೀಗೆ ಎರಡು ವರ್ಷಗಳಿಗೆ ಐದು ಫಸಲು ತೆಗೆಯುವುದು ‘ಬೆಂಗಳೂರು ನೀಲಿ’ಯ ಬೆಳೆಗಾರರಿಗೆ ಸಾಧ್ಯವಾಗಿದೆ. ಜಗತ್ತಿನ ದ್ರಾಕ್ಷಿ ಸೀಮೆಗಳಲ್ಲಿ ಇಂಥ ಉದಾರ ನೆಲ ಅಪರೂಪ.

ಎಲೆಗಳ ಮೇಲೆ ಅಲ್ಲಲ್ಲಿ ತಿಳಿನೀಲಿಯ ಚುಕ್ಕೆಗಳು ಕಂಡರೆ ಗಾಬರಿಯಾಗಬೇಕಿಲ್ಲ. ಅದು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣದ ಗುರುತು. ಬೂಷ್ಟು ರೋಗಕ್ಕೆ ರೈತನ ಹಳೆಯ ಮದ್ದು. ಬೋರ್ಡೊ ಎಂಬುದು ಫ್ರಾನ್ಸಿನ ಪ್ರಸಿದ್ಧ ದ್ರಾಕ್ಷಿ ಸೀಮೆ. 1880ರ ದಶಕದಲ್ಲಿ ಅಲ್ಲಿನ ಬಳ್ಳಿಗಳನ್ನು ಉಳಿಸಿದ ಔಷಧ ಇಂದು ನಂದಿಯ ತಪ್ಪಲಿನಲ್ಲೂ ಚಿಮುಕುತ್ತಿದೆ.

ರುಚಿ ನೋಡುವ ಶಾಸ್ತ್ರ

ಫ್ರಾನ್ಸಿನಿಂದ ಈ ತಪ್ಪಲಿಗೆ ಬಂದದ್ದು ಔಷಧವೊಂದೇ ಅಲ್ಲ. 1988ರಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿ ದೊಡ್ಡಬಳ್ಳಾಪುರದ ಕಡೆಯಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ಫ್ರೆಂಚ್ ದ್ರಾಕ್ಷಿಯ ತೋಟವನ್ನೇ ಆರಂಭಿಸಿದರು. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಮೊದಲಾದ ಹೆಸರುಗಳು ರಾಗಿಯ ಸೀಮೆಯಲ್ಲಿ ಕೇಳಿಬರತೊಡಗಿದ್ದು ಆಗಿನಿಂದ. 2007ರಲ್ಲಿ ರಾಜ್ಯ ಸರಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ಕುರಿತು ಪ್ರತ್ಯೇಕ ನೀತಿಯನ್ನೇ ಪ್ರಕಟಿಸಿತು. ಈಗ ವಾರಾಂತ್ಯಗಳಲ್ಲಿ ಜಯನಗರ, ಜೆ. ಪಿ. ನಗರಗಳಿಂದ ಸ್ನೇಹಿತರ ತಂಡಗಳು ಇಂಥ ವೈನ್‌ಶಾಲೆಗಳಿಗೆ ಹೋಗಿ ಬರುವುದು ಒಂದು ವಿಹಾರವಾಗಿದೆ.

ಅಲ್ಲಿನ ತೋಟವೇ ಬೇರೆ ರೀತಿಯದು. ಚಪ್ಪರದ ಬದಲು ಬೇಲಿಯಂತೆ ನೆಟ್ಟಗೆ ನಿಂತ ತಂತಿಯ ಸಾಲುಗಳು. ಗೊಂಚಲು ಪುಟ್ಟದು, ಹಣ್ಣು ಬಟಾಣಿಯಷ್ಟು. ಒಳಗೆ ಹೊಳೆಯುವ ಉಕ್ಕಿನ ತೊಟ್ಟಿಗಳಲ್ಲಿ ರಸ ಹುದುಗು ಬರುತ್ತದೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಮದ್ಯಸಾರವನ್ನಾಗಿ ಮಾರ್ಪಡಿಸುವ ಕ್ರಿಯೆ ಅದು. ಬಿಸಿಯೇರಿದರೆ ಪರಿಮಳ ಹಾರಿಹೋಗುವುದರಿಂದ ತೊಟ್ಟಿಗಳನ್ನು ತಂಪಾಗಿರಿಸಬೇಕು. ಮುಂದೆ, ಕೆಲವನ್ನು ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಲಗಿಸುತ್ತಾರೆ. ಪೀಪಾಯಿಗಳ ಕೋಣೆಯ ಮಬ್ಬುಬೆಳಕು ಗರ್ಭಗುಡಿಯನ್ನು ನೆನಪಿಸುವಂಥದು. ಅಲ್ಲಿ ಹೋದವರು ತಾವಾಗಿ ದನಿ ತಗ್ಗಿಸುತ್ತಾರೆ.

ಕೊನೆಗೆ ರುಚಿ ನೋಡುವ ಶಾಸ್ತ್ರ. ಕಾಲುಳ್ಳ ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವುದು, ಮೆಲ್ಲನೆ ಸುಳಿಯಾಡಿಸಿ ವಾಸನೆ ಹಿಡಿಯುವುದು, ಗುಟುಕನ್ನು ನಾಲಗೆಯ ಮೇಲೆ ಹೊರಳಿಸುವುದು, ಬೇಕಾದರೆ ನುಂಗದೆ ಉಗುಳುವುದು. ಪರಿಣತರಾದ ಕಾಫಿ ಪರೀಕ್ಷಕರೂ ಹೀಗೆಯೇ ಮಾಡುತ್ತಾರಲ್ಲವೆ? ಮದ್ಯವೆಂದರೆ ಮೂಗು ಮುರಿಯುವ ಮನೆಗಳೂ ಬಸವನಗುಡಿ, ಬನಶಂಕರಿಗಳಲ್ಲಿ ಬೇಕಾದಷ್ಟಿವೆ; ಅವರ ಸಂಕೋಚಕ್ಕೆ ಕಾರಣವೂ ಉಂಟು. ಆದರೆ ಅದೇ ಮನೆಗಳ ಔಷಧದ ಗೂಡಿನಲ್ಲಿ ದ್ರಾಕ್ಷಾರಿಷ್ಟದ ಸೀಸೆ ಇರುವುದನ್ನು ಮರೆಯಲಾಗದು. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲವನ್ನೂ ಧಾತಕೀ ಪುಷ್ಪವನ್ನೂ ಸೇರಿಸಿ, ಬಾಯಿ ಕಟ್ಟಿ ಇಟ್ಟು, ತಾನಾಗಿ ಹುದುಗು ಬರಿಸುವ ಆಯುರ್ವೇದದ ಈ ವಿಧಾನ ಬಹು ಪುರಾತನ. ಚಮಚದಲ್ಲಿ ಅಳೆದು ಕುಡಿದರೆ ಅದು ಮದ್ದು. ಅಳತೆ ಮೀರಿದರೆ ಮದ್ದೇ ಮದ. ಈ ವಿವೇಕ ನಾಡಿಗೆ ಹೊಸದಲ್ಲ.

ಇಲ್ಲೊಂದು ವಿಪರ್ಯಾಸವಿದೆ. ವೈನ್‌ಶಾಲೆಗೆ ಬಂದವರು ರುಚಿ ನೋಡುವ ಉತ್ತಮ ವೈನ್‌ಗಳಲ್ಲಿ ‘ಬೆಂಗಳೂರು ನೀಲಿ’ಗೆ ಸ್ಥಾನವಿಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ‘ಇಸಬೆಲ್ಲಾ’ ಎಂಬ ಅಮೆರಿಕ ಮೂಲದ ತಳಿಯೊಡನೆ ಗುರುತಿಸುತ್ತಾರೆ. ಯೂರೋಪಿನ ದ್ರಾಕ್ಷಿಗೂ ಅಮೆರಿಕದ ಕಾಡುದ್ರಾಕ್ಷಿಯ ಕುಲಕ್ಕೂ ಆದ ಮಿಶ್ರ ಸಂತಾನವಿದು. ಗಟ್ಟಿ ಸಿಪ್ಪೆ, ಜಾರುವ ತಿರುಳು, ಮೂಗಿಗೆ ಹೊಡೆಯುವ ಪರಿಮಳ, ಇವೆಲ್ಲ ಅಮೆರಿಕದ ತಾಯಬಳ್ಳಿಯ ಬಳುವಳಿ. ಯೂರೋಪಿನ ರುಚಿಜ್ಞರಿಗೆ ಆ ಪರಿಮಳ ಒಗ್ಗದು. 1930ರ ದಶಕದಲ್ಲಿ ಫ್ರಾನ್ಸ್ ನಿಷೇಧಿಸಿದ ಆರು ಮಿಶ್ರತಳಿಗಳಲ್ಲಿ ಇಸಬೆಲ್ಲಾ ಸಹ ಒಂದು. ಫ್ರಾನ್ಸು ಹೊರಗಟ್ಟಿದ ಹಣ್ಣು ಬೆಂಗಳೂರಿನ ಹೆಸರು ಹೊತ್ತು ಬಾಳಿತು. ಅದರ ನೆರೆಯಲ್ಲೇ ಫ್ರಾನ್ಸಿನ ಹಣ್ಣು ಅತಿಥಿಯಾಗಿ ಬಂದು ಮೇಲುಪಂಕ್ತಿಯಲ್ಲಿ ಕುಳಿತಿತು. ನೀಲಿಯ ಪಾಲಿಗೆ ಬಂದದ್ದು ತಳ್ಳುಗಾಡಿ, ಹಣ್ಣಿನ ರಸದ ಅಂಗಡಿ, ಸಿಹಿಯಾದ ಅಗ್ಗದ ವೈನ್, ಮತ್ತು ಕ್ರಿಸ್‌ಮಸ್ಸಿಗೆಂದು ಕೆಲವು ಕ್ರೈಸ್ತ ಮನೆಗಳ ಭರಣಿಯಲ್ಲಿ ಹುದುಗುವ ದ್ರಾಕ್ಷಾರಸ.

ವಿಜ್ಞಾನಿಗಳು ಮಾತ್ರ ಇದನ್ನು ಕಡೆಗಣಿಸಲಿಲ್ಲ. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೀಲಿಯನ್ನು ಇತರ ತಳಿಗಳೊಡನೆ ಕೂಡಿಸಿ ‘ಅರ್ಕ ಶ್ಯಾಮ್’, ‘ಅರ್ಕ ಹಂಸ್’, ‘ಅರ್ಕ ತೃಷ್ಣಾ’ ಮುಂತಾದ ಹೊಸ ತಳಿಗಳನ್ನು ರೂಪಿಸಿತು. ತೃಷ್ಣೆಯೆಂದರೆ ಬಾಯಾರಿಕೆ, ವೈನಿಗೆ ಯೋಗ್ಯವಾದ ತಳಿಗೆ ಇದಕ್ಕಿಂತ ಸಾರ್ಥಕವಾದ ಹೆಸರು ದೊರಕದು.

ದೂರದ ನಾರ್ವೆಯ ಪಾಠ

ಊರಿನ ಹಣ್ಣಿಗೆ ಊರಿನ ಹೆಸರು ಅಂಟಿಕೊಂಡು, ಆ ಹೆಸರೇ ತೋಟವನ್ನು ಕಾಯ್ದ ನಿದರ್ಶನ ಜಗತ್ತಿನಲ್ಲಿ ಇಲ್ಲವೆ? ಉತ್ತರ ಯೂರೋಪಿನ ನಾರ್ವೆಯಲ್ಲಿ ಒಂದಿದೆ. ಹಿಮನದಿಗಳು ಕೊರೆದ ಕಣಿವೆಗಳೊಳಗೆ ಕಡಲು ನುಗ್ಗಿ, ಬೆಟ್ಟಗಳ ನಡುವೆ ಉದ್ದುದ್ದವಾಗಿ ಚಾಚಿಕೊಂಡಿರುವ ಕಡಲತೋಳುಗಳಿಗೆ ಅಲ್ಲಿ ಫ್ಯೋರ್ಡ್ ಎಂದು ಹೆಸರು. ಹಾರ್ಡಾಂಗರ್ ಎಂಬ ಫ್ಯೋರ್ಡಿನ ಕಡಿದಾದ ದಡಗಳಲ್ಲಿ ಸೇಬಿನ ತೋಟಗಳಿವೆ. ಹದಿಮೂರನೆಯ ಶತಮಾನದಲ್ಲಿ ಕ್ರೈಸ್ತ ಸಂನ್ಯಾಸಿಗಳು ಅಲ್ಲಿ ಹಣ್ಣಿನ ಕೃಷಿಯನ್ನು ತಂದರೆಂದು ಪ್ರತೀತಿ. ಸೇಬಿನ ರಸವನ್ನು ಹುದುಗು ಬರಿಸಿ ಮಾಡುವ ಸೈಡರ್ ಎಂಬ ಪೇಯ ಅಲ್ಲಿನ ರೈತರ ಮನೆಯ ಸೊತ್ತು.

ಮದ್ಯದ ವಿಷಯದಲ್ಲಿ ನಾರ್ವೆ ಬಹು ಕಟ್ಟುನಿಟ್ಟಿನ ದೇಶ. 1922ರಿಂದ ಅಲ್ಲಿ ವೈನ್ ಮಾರಾಟ ಸರಕಾರಿ ಅಂಗಡಿಯ ಏಕಸ್ವಾಮ್ಯ. ಆದರೂ 2009ರಲ್ಲಿ ‘ಹಾರ್ಡಾಂಗರಿನ ಸೈಡರ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. 2016ರಲ್ಲಿ ರೈತರು ತಮ್ಮ ತೋಟದ ಸೈಡರನ್ನು ತೋಟದ ಬಾಗಿಲಲ್ಲೇ ಮಾರಬಹುದೆಂಬ ಅನುಮತಿಯೂ ಬಂತು. ಪ್ರವಾಸಿಗಳು ದೋಣಿಯಲ್ಲಿ ಬಂದು ತೋಟದಿಂದ ತೋಟಕ್ಕೆ ನಡೆದು ರುಚಿ ನೋಡತೊಡಗಿದರು. ಗಮನಿಸಬೇಕಾದ ಅಂಶವೆಂದರೆ, ಅವರು ರುಚಿ ನೋಡುವುದು ಆ ಊರಿನಲ್ಲೇ ಬೆಳೆದ ಸೇಬನ್ನು. ಬಟ್ಟಲಲ್ಲಿರುವುದೂ ಕಣ್ಣೆದುರು ಕೊಂಬೆಯಲ್ಲಿರುವುದೂ ಒಂದೇ. ಪ್ರವಾಸಿ ಕೊಟ್ಟ ಹಣ ನೇರವಾಗಿ ಆ ಕೊಂಬೆಯ ಬುಡಕ್ಕೆ ಸೇರುತ್ತದೆ.

ನಂದಿಯ ತಪ್ಪಲಿನಲ್ಲಿ ಬಟ್ಟಲಿಗೂ ಚಪ್ಪರಕ್ಕೂ ಇನ್ನೂ ಇಂಥ ಸಂಬಂಧ ಕುದುರಿಲ್ಲ. ಅದಕ್ಕೆ ಮದ್ಯವೇ ಬೇಕೆಂದೂ ಇಲ್ಲ. ಆಗತಾನೆ ಹಿಂಡಿದ ನೀಲಿ ದ್ರಾಕ್ಷಿಯ ರಸಕ್ಕೆ ಸರಿಸಮನಾದ ಪೇಯ ಬೇಸಗೆಯಲ್ಲಿ ಮತ್ತೊಂದಿಲ್ಲ. ಅದನ್ನು ಮಕ್ಕಳೂ ಕುಡಿಯಬಹುದು, ಅಜ್ಜಿಯೂ ಕುಡಿಯಬಹುದು. ಚಪ್ಪರದ ನೆರಳಲ್ಲಿ ಕುಳಿತು ಬೇರೆಬೇರೆ ತೋಟಗಳ ರಸವನ್ನು ಹೋಲಿಸಿ ನೋಡುವ ಕುಟುಂಬ ವಿಹಾರವೊಂದು ಬೆಳೆದರೆ ಅದರಲ್ಲಿ ನಷ್ಟ ಯಾರಿಗೆ?

ಹೋದ ನೀರು, ಬಂದ ನೀರು

ಈ ಪ್ರಶ್ನೆ ಬರಿಯ ವಿನೋದದ್ದಲ್ಲ. ಚಪ್ಪರದ ಕೆಳಗೆ ನಿಂತ ರೈತನ ಕಣ್ಣು ಗೊಂಚಲ ಮೇಲಿದ್ದರೂ ಕಿವಿ ಕೊಳವೆಬಾವಿಯ ಕಡೆಗೇ ಇರುತ್ತದೆ. ಅರ್ಕಾವತಿ, ಪಾಲಾರ್, ಪಿನಾಕಿನಿಗಳಂಥ ನದಿಗಳ ತವರು ಈ ನಂದಿಯ ಸುತ್ತಿನ ಬೆಟ್ಟಗಳೇ. ಆದರೆ ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಹೆಣ್ಣುಮಕ್ಕಳನ್ನೆಲ್ಲ ದೂರಕ್ಕೆ ಕೊಟ್ಟ ತವರುಮನೆಯಂತೆ ಅದು ಬರಿದಾಗಿದೆ. ಕೆರೆಗಳು ಬತ್ತಿದವು, ತೆರೆದ ಬಾವಿಗಳು ಬತ್ತಿದವು. ಕೊಳವೆಗಳು ಸಾವಿರ ಅಡಿಯನ್ನೂ ದಾಟಿ ಕೆಳಗಿಳಿದವು. ಸಾಲ ಮಾಡಿ ಕೊರೆಸಿದ ಬಾವಿಯಲ್ಲಿ ಧೂಳೆದ್ದರೆ ಚಪ್ಪರ ಒಣಗುವುದಕ್ಕೆ ಒಂದು ಬೇಸಗೆ ಸಾಕು.

ಒಂದು ಕಾಲದಲ್ಲಿ ಬೆಂಗಳೂರು ಕುಡಿದದ್ದು ಇದೇ ಬೆಟ್ಟದ ನೀರನ್ನು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರದ ನಲ್ಲಿಗಳಿಗೆ ಹರಿದದ್ದು ನಂದಿಯಲ್ಲಿ ಹುಟ್ಟಿದ ಅರ್ಕಾವತಿ. ಈಗ ನೀರು ತಿರುಗಿ ಹರಿಯುತ್ತಿದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿಯನ್ನು ಜಯನಗರ, ಬಿಟಿಎಂ ಬಡಾವಣೆಗಳು ಬಳಸಿ ಬಿಡುತ್ತವೆ; ಆ ಕಡೆಯ ಇಳಿಜಾರು ಕೋರಮಂಗಲ–ಚಲ್ಲಘಟ್ಟ ಕಣಿವೆಯದು. ಆ ಕಣಿವೆಯಲ್ಲಿ ಶುದ್ಧೀಕರಿಸಿದ ನೀರು 2018ರಿಂದ ಕೊಳವೆಗಳ ಮೂಲಕ ಕೋಲಾರದ ಕೆರೆಗಳಿಗೆ ಹರಿಯತೊಡಗಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಒದಗಿಸುವ ಗುರಿಯಿಂದ ರೂಪಿಸಿದ ಯೋಜನೆಯದು. ಹೆಬ್ಬಾಳ–ನಾಗವಾರ ಕಣಿವೆಯ ನೀರು ಇದೇ ಬಗೆಯಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತದೆ. ಈ ನೀರನ್ನು ನೇರವಾಗಿ ಹೊಲಕ್ಕೆ ಬಿಡುವಂತಿಲ್ಲ; ಕೆರೆಯಲ್ಲಿ ನಿಂತು ಇಂಗಿ ಅಂತರ್ಜಲವಾಗಿ ಬರಬೇಕು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂಬ ಕೂಗು ಆ ಜಿಲ್ಲೆಗಳಲ್ಲಿ ಬಲವಾಗಿದೆ. ಅದು ನ್ಯಾಯವಾದ ಕೂಗು. ಕುಡಿಯಲು ಶುದ್ಧ ನೀರನ್ನು ಕೊಟ್ಟ ಸೀಮೆ, ಬದಲಿಗೆ ಶುದ್ಧ ನೀರನ್ನೇ ಬೇಡಿದರೆ ಅತಿಯಾಸೆಯೆನ್ನಲಾದೀತೆ?

ನೀರಿಗಿಂತಲೂ ಬಲವಾದ ಸೆಳೆತ ಮತ್ತೊಂದಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ನೆಲದ ಬೆಲೆ ಹಣ್ಣಿನ ಬೆಲೆಯನ್ನು ನೋಡಿ ನಗತೊಡಗಿತು. ಐದು ಫಸಲು ಕೊಟ್ಟರೂ ಚಪ್ಪರ ಕೊಡಲಾರದ ಹಣವನ್ನು ಒಂದು ಸಹಿ ಕೊಡಬಲ್ಲುದು. ಕಲ್ಲುಕಂಬಗಳನ್ನು ಕಿತ್ತು ರಾಶಿ ಹಾಕಿದ ತೋಟಗಳ ಪಕ್ಕದಲ್ಲೇ ನಿವೇಶನಗಳ ಗಡಿಗಲ್ಲುಗಳು ಏಳುತ್ತಿವೆ. ಮಾರಿದ ರೈತನನ್ನು ಹಳಿಯುವ ಹಕ್ಕು ನಿವೇಶನ ಕೊಂಡು ಮನೆ ಕಟ್ಟಿಸಿದ ನಗರವಾಸಿಗಿಲ್ಲ. ಆದರೆ ಮಾರದೆ ಉಳಿದವನನ್ನು ಉಳಿಸಿಕೊಳ್ಳುವ ಶಕ್ತಿ ಮಾತ್ರ ನಗರವಾಸಿಯ ಕೈಚೀಲದಲ್ಲೇ ಇದೆ. 1959ರಲ್ಲಿ ಸಹಕಾರ ಸಂಘವನ್ನು ಕಟ್ಟಿದವರು ನಂಬಿದ್ದು ಇದನ್ನೇ: ಬೆಳೆದವನಿಗೂ ತಿನ್ನುವವನಿಗೂ ನಡುವಣ ದಾರಿ ಚಿಕ್ಕದಾದಷ್ಟೂ ಬಳ್ಳಿಗೆ ಆಯುಸ್ಸು ಹೆಚ್ಚು.

ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋಗುವ ಸಾವಿರಾರು ಮಂದಿ ಮುಂಜಾವಿನ ಕತ್ತಲಲ್ಲಿ ಈ ಚಪ್ಪರಗಳನ್ನು ದಾಟಿಯೇ ಹೋಗುತ್ತಾರೆ. ಹಿಂದಿರುಗುವಾಗ ಬೆಳಕಿರುತ್ತದೆ. ಹತ್ತು ನಿಮಿಷ ಗಾಡಿ ನಿಲ್ಲಿಸಿ, ಯಜಮಾನರನ್ನು ಕೇಳಿ ಒಳಗೆ ಹೋಗಿ, ಮಕ್ಕಳಿಗೆ ಬಳ್ಳಿಯನ್ನು ತೋರಿಸಿ, ಒಂದು ಬುಟ್ಟಿ ಹಣ್ಣು ಕೊಂಡು ತರುವುದು ಯಾರಿಗೂ ಹೊರೆಯಲ್ಲ. ತಾವರೆಕೆರೆ ಎಂಬ ಹೆಸರು ಒಂದು ಅಕ್ಷರದೊಳಗೆ ಅಡಗಿಹೋದುದನ್ನು ಬೆಂಗಳೂರು ಕಂಡಿದೆ. ‘ಬೆಂಗಳೂರು ನೀಲಿ’ ಎಂಬುದೂ ಮುಂದೊಂದು ದಿನ ಬಳ್ಳಿಯಿಲ್ಲದ ಬರಿಯ ಹೆಸರಾಗದಿರಲಿ.